ಎಲ್‌ಎಲ್‌ಆರ್ ಅವಧಿ ಮುಗಿಯುವ ಮುನ್ನ

ನಮ್ಮ ಮನೆಯ ಷೋಕೇಸಿನ ಕೆಳಗಿನ ಅರೆಯಲ್ಲಿ ನಾಲ್ಕು ಡೈರಿಗಳಿವೆ. 2021, 2022, 2023, 2024. ಯಾರೋ ಅಪ್ಪನಿಗೆ ಕೊಟ್ಟದ್ದು, ಅಪ್ಪ ನನಗೆ ದಾಟಿಸಿದ್ದು. ನಾಲ್ಕರಲ್ಲೂ ಮೊದಲ ಪುಟದ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. 2021ರ ಡೈರಿ ಜನವರಿ 9ಕ್ಕೆ ನಿಂತಿದೆ. 2022ರದ್ದು 6ಕ್ಕೇ ಮುಗಿದಿದೆ. 2023ರದ್ದು ನನ್ನ ದಾಖಲೆ, ಜನವರಿ 11ರವರೆಗೆ ಹೋಗಿದೆ. 2024ರಲ್ಲಿ ದಿನಚರಿ ಬರೆಯುವ ಗೋಜಿಗೇ ಹೋಗಿಲ್ಲ, ಮೊದಲ ಪುಟದಲ್ಲಿ ಹನ್ನೊಂದು ಗುರಿಗಳ ಪಟ್ಟಿ ಮಾತ್ರ ಇದೆ. ‘ಬೆಳಿಗ್ಗೆ 5ಕ್ಕೆ ಏಳುವುದು’ ಎಂಬ ಮೊದಲ ಗುರಿಯ ಕೆಳಗೆ ಎರಡು ಸಲ ಗೆರೆ ಎಳೆದಿದ್ದೇನೆ. ಆ ಗೆರೆ ಎಳೆದಾಗ ರಾತ್ರಿ ಒಂದು ಗಂಟೆಯಾಗಿತ್ತು ಎಂಬುದು ಚೆನ್ನಾಗಿ ನೆನಪಿದೆ.

ಈ ಡೈರಿಗಳು ನೆನಪಾದದ್ದು ಮೊನ್ನೆ ಕ್ಯಾಂಟೀನಿನಲ್ಲಿ. ನವೆಂಬರ್‌ ಎರಡನೇ ವಾರ ಇನ್ನೂ ಮುಗಿದಿಲ್ಲ, ಆಗಲೇ ಹೊಸ ವರ್ಷದ ಮಾತು. ಒಬ್ಬ ಜಿಮ್ ಸೇರುತ್ತಾನಂತೆ. ಇನ್ನೊಬ್ಬ ಪೈಥಾನ್ ಕಲಿಯುತ್ತಾನಂತೆ. ಗೆಳತಿಯೊಬ್ಬಳು ಇನ್‌ಸ್ಟಾಗ್ರಾಮ್ ತೆಗೆದು ಹಾಕುತ್ತಾಳಂತೆ. ಮೂವರೂ ಇಟ್ಟುಕೊಂಡಿರುವ ಮುಹೂರ್ತ ಮಾತ್ರ ಒಂದೇ, ಜನವರಿ 1. ‘ಇನ್ನೇನು ಏಳು ವಾರ ತಾನೆ’ ಎಂದು ಒಬ್ಬ ಹೇಳಿದ. ಏಳು ವಾರ ಎಂದರೆ ಐವತ್ತು ದಿನ! ನಮ್ಮಲ್ಲಿ ಒಂದು ಸೆಮಿಸ್ಟರ್ ಎಂದರೇ ನಾಲ್ಕು ತಿಂಗಳು ಚಿಲ್ಲರೆ. ಅದರಲ್ಲಿ ಐವತ್ತು ದಿನವನ್ನು ಪಾಕೆಟ್ ಮನಿಯಂತೆ ಖರ್ಚು ಮಾಡುತ್ತೇವೆ.

ಎಂಜಿನಿಯರಿಂಗ್ ವಿದ್ಯಾರ್ಥಿಗೆ ಜನವರಿ 1ರಷ್ಟು ಕೆಟ್ಟ ಮುಹೂರ್ತ ಇನ್ನೊಂದಿಲ್ಲ ಎಂಬುದು ಬೇರೆ ಮಾತು. ವಿಟಿಯುವಿನ ಬೆಸ ಸೆಮಿಸ್ಟರ್ ಪರೀಕ್ಷೆಗಳು ಸಾಮಾನ್ಯವಾಗಿ ಬಂದು ಬೀಳುವುದೇ ಡಿಸೆಂಬರ್–ಜನವರಿಯ ಆಸುಪಾಸಿಗೆ. ಜಿಮ್ಮಿಗೆ ಹೋಗಬೇಕಾದ ದಿನ ನಾವು ಝೆರಾಕ್ಸ್ ಅಂಗಡಿಯಲ್ಲಿರುತ್ತೇವೆ. ಇನ್ನು ಗೇಟ್ ಪರೀಕ್ಷೆ ನಡೆಯುವುದು ಫೆಬ್ರುವರಿಯಲ್ಲಿ. ನಮ್ಮ ಸೀನಿಯರ್ ಒಬ್ಬರು ಅರ್ಜಿ, ಶುಲ್ಕ ಎಲ್ಲವನ್ನೂ ಸಕಾಲಕ್ಕೆ ಮುಗಿಸಿ, ಓದನ್ನು ಮಾತ್ರ ಹೊಸ ವರ್ಷಕ್ಕೆ ಇಟ್ಟುಕೊಂಡಿದ್ದರು. ನಾಲ್ಕು ವರ್ಷದ ಸಿಲಬಸ್‌ಗೆ ಅವರಿಗೆ ಸಿಕ್ಕದ್ದು ಐದೇ ವಾರ. ಪರೀಕ್ಷೆ ಬರೆದು ಬಂದವರು ‘ಮುಂದಿನ ವರ್ಷ ನೋಡೋಣ’ ಎಂದರು. ಯಾವಾಗಿನಿಂದ ಓದುತ್ತೀರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ದಿನಾಂಕವನ್ನು ಮುಂದಕ್ಕೆ ಹಾಕಿದಾಗ ಮನಸ್ಸಿಗೆ ಒಂದು ಹಿತವಾದ ಭಾವನೆ ಬರುತ್ತದೆಯಲ್ಲ, ನನಗೆ ಅನುಮಾನ ಇರುವುದು ಅದರ ಮೇಲೆಯೇ. ‘ಜನವರಿಯಿಂದ ಓಡುತ್ತೇನೆ’ ಎಂದ ಕ್ಷಣವೇ ಅರ್ಧ ಓಡಿದಷ್ಟು ಹೆಮ್ಮೆ. ಬೆವರು ಬಂದಿಲ್ಲ, ಶೂ ಕೂಡ ಕೊಂಡಿಲ್ಲ. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಸಾಲ’ ಎಂಬ ಬೋರ್ಡಿದೆ. ನಾಳೆ ಹೋದರೂ ಅದೇ ಬೋರ್ಡು. ನಾವು ಅಂಗಡಿಯವನಿಗಿಂತ ಧಾರಾಳಿಗಳು, ಹೆಮ್ಮೆಯನ್ನು ಇವತ್ತೇ ಸಾಲ ತೆಗೆದುಕೊಂಡು ದುಡಿಮೆಯ ಬಿಲ್ಲನ್ನು ಜನವರಿಗೆ ಕಳಿಸುತ್ತೇವೆ.

ಅಮ್ಮ ಹೇಳುವ ‘ನಾಳೆ ಬಾ’ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ರಾತ್ರಿ ದೆವ್ವವೊಂದು ಬಂದು, ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ ಎಂಬ ವದಂತಿ ಹಬ್ಬಿತ್ತು. ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಬರುವುದು, ಓದುವುದು, ವಾಪಸು ಹೋಗುವುದು, ಮಾರನೆಯ ದಿನ ಮತ್ತೆ ಬರುವುದು. ದೆವ್ವಕ್ಕೆ ಓದಲು ಬರುತ್ತಿತ್ತು, ಲೆಕ್ಕ ಬರುತ್ತಿರಲಿಲ್ಲ ಎಂದು ಕಾಣುತ್ತದೆ. ಚಿಕ್ಕವನಿದ್ದಾಗ ಇದನ್ನು ಕೇಳಿ ನಗುತ್ತಿದ್ದೆ. ನನ್ನ ಡೈರಿಗಳನ್ನು ನೋಡಿದ ಮೇಲೆ ದೆವ್ವದ ಬಗ್ಗೆ ಸ್ವಲ್ಪ ಕನಿಕರ ಬಂದಿದೆ.

ನಮಗಂತೂ ಕಾಯುವುದಕ್ಕೆ ತಾರೀಖುಗಳ ಬರವೇ ಇಲ್ಲ. ಜನವರಿ 1 ತಪ್ಪಿತೋ, ಸಂಕ್ರಾಂತಿಯಿದೆ. ಅದೂ ಹೋಯಿತೋ, ‘ನಮ್ಮ ನಿಜವಾದ ಹೊಸ ವರ್ಷ ಯುಗಾದಿ ತಾನೆ’ ಎಂಬ ಸ್ವಾಭಿಮಾನದ ಮಾತು ಸಿದ್ಧವಾಗಿರುತ್ತದೆ. ಮಂಗಳೂರು, ಕಾಸರಗೋಡು ಕಡೆಯ ಸ್ನೇಹಿತರಿಗೆ ಸೌರಮಾನ ಲೆಕ್ಕದ ವಿಷುವಿನಲ್ಲಿ ಇನ್ನೂ ಕೆಲವು ದಿನ ಹೆಚ್ಚುವರಿ ಸಿಗುತ್ತದೆ. ಏಪ್ರಿಲ್ 1ಕ್ಕೆ ಆರ್ಥಿಕ ವರ್ಷ. ಮಳೆಗಾಲದಲ್ಲಿ ಕಾಲೇಜು ಶುರು. ಆಮೇಲೆ ವಿಜಯದಶಮಿ, ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ದಿನ. ಅದಾದ ಮೇಲೆ ಬಲಿಪಾಡ್ಯಮಿ, ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ತೆರೆಯುವ ದಿನ. ಅಷ್ಟರಲ್ಲಿ ಮತ್ತೆ ಡಿಸೆಂಬರ್. ಜನವರಿ 1 ಕೂಡ ಆಕಾಶದಿಂದ ಇಳಿದದ್ದೇನಲ್ಲ. ಇಂಗ್ಲೆಂಡಿನಲ್ಲೇ 1751ರವರೆಗೆ ಕಾನೂನು ಪ್ರಕಾರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1752ರಿಂದ ಅದನ್ನು ಜನವರಿಗೆ ತಂದರು, ಒಂದು ಕಾಯ್ದೆಯ ಮೂಲಕ.

ಕಾಯುವುದಕ್ಕೆ ಬೆಲೆ ಇದೆ ಎಂಬುದು ನನಗೆ ಅರ್ಥವಾದದ್ದು ಡೈರಿಗಳಿಂದಲ್ಲ, ಅಮ್ಮನ ಸ್ಕೂಟರಿನಿಂದ.

ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ನಾವಿರುವುದು ವಿಜಯನಗರ ನಾಲ್ಕನೇ ಹಂತದಲ್ಲಿ. ಲೈನಿಂಗ್ ಬಟ್ಟೆ, ದಾರ, ಹುಕ್ಕು ಬೇಕೆಂದರೆ ದೇವರಾಜ ಮಾರುಕಟ್ಟೆಯ ಕಡೆಗೆ ಹೋಗಬೇಕು. ಅಪ್ಪ ಕೆಲಸ ಮುಗಿಸಿ ಬರುವಾಗ ತರುತ್ತಿದ್ದರು. ಹೊಲಿದದ್ದನ್ನು ಮನೆಮನೆಗೆ ತಲುಪಿಸುವುದು ನನ್ನ ಕೆಲಸ, ನನಗೆ ಪುರುಸೊತ್ತಾದಾಗ. ತಾನೇ ಸ್ಕೂಟರ್ ಕಲಿತರೆ ಇಬ್ಬರನ್ನೂ ಕಾಯುವುದು ತಪ್ಪುತ್ತದೆ ಎಂದು ಅಮ್ಮ ವರ್ಷಗಳಿಂದ ಹೇಳುತ್ತಿದ್ದರು. ಕಳೆದ ವರ್ಷ ದಸರಾ ಮುಗಿದ ಮೇಲೆ ಎಲ್‌ಎಲ್‌ಆರ್ ಕೂಡ ಮಾಡಿಸಿದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಲ್‌ಎಲ್‌ಆರ್ ಎಂದರೆ ಕಲಿಯುವವರಿಗೆ ಕೊಡುವ ಪರವಾನಗಿ. ಅದು ಬಂದು ಮೂವತ್ತು ದಿನವಾದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಆದರೆ ಅದರ ಆಯಸ್ಸು ಆರೇ ತಿಂಗಳು. ಅಷ್ಟರೊಳಗೆ ಕಲಿಯದಿದ್ದರೆ ಕಾಗದ ಸತ್ತಂತೆ, ಮತ್ತೆ ಅರ್ಜಿ, ಮತ್ತೆ ಶುಲ್ಕ. ನಮ್ಮ ಸಂಕಲ್ಪಗಳಿಗೂ ಹೀಗೊಂದು ಅವಧಿ ಇರುತ್ತದೆ, ಆದರೆ ಅವುಗಳ ಮೇಲೆ ಯಾರೂ ಮುದ್ರೆ ಒತ್ತಿರುವುದಿಲ್ಲ.

ದೀಪಾವಳಿಗೆ ಹೊಲಿಗೆ ರಾಶಿ ಬಿತ್ತು, ‘ಹಬ್ಬ ಕಳೀಲಿ’ ಎಂದಾಯಿತು. ಆಮೇಲೆ ನನ್ನ ಪರೀಕ್ಷೆ. ‘ಸೆಮಿಸ್ಟರ್ ಮುಗೀಲಿ ಅಮ್ಮ, ಹೊಸ ವರ್ಷದಿಂದ ದಿನಾ ಬೆಳಿಗ್ಗೆ ಕಲಿಸ್ತೀನಿ’ ಎಂದವನು ನಾನೇ. ಹೊಸ ವರ್ಷಕ್ಕೆ ಚಳಿ. ಸಂಕ್ರಾಂತಿ ಆದ ಮೇಲೆ ಮದುವೆ ಸೀಸನ್, ಅಮ್ಮನಿಗೆ ಮಿಷನ್ ಬಿಟ್ಟು ಏಳಲು ಆಗಲಿಲ್ಲ. ‘ಯುಗಾದಿಯಿಂದ ಖಂಡಿತ’ ಎಂದರು ಅಪ್ಪ. ಯುಗಾದಿ ಬಂತು, ಹೋಯಿತು. ಏಪ್ರಿಲಿನಲ್ಲಿ ಎಲ್‌ಎಲ್‌ಆರ್ ಮುಗಿಯಿತು. ಅಮ್ಮ ಅದನ್ನು ಏನೂ ಹೇಳದೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟರು.

ಈ ವರ್ಷದ ಆಷಾಢದ ಮೊದಲ ವಾರ, ಮಳೆಯಲ್ಲಿ ಬೈಕ್ ಜಾರಿ ಅಪ್ಪನ ಬಲಗಾಲಿನ ಮೂಳೆ ಮುರಿಯಿತು. ದೊಡ್ಡ ಅಪಾಯವಾಗಲಿಲ್ಲ, ಪ್ಲಾಸ್ಟರ್ ಹಾಕಿಸಿಕೊಂಡು ಎರಡು ತಿಂಗಳು ಮನೆಯಲ್ಲಿದ್ದರು. ಸಂಬಳವೂ ಮನೆಯಲ್ಲೇ ಕೂತಿತು. ಆಗ ಮನೆ ನಡೆಸಿದ್ದು ಹೊಲಿಗೆ ಯಂತ್ರ. ಆದರೆ ದಾರ ತರಲು ಆಟೊ ಹತ್ತಿದರೆ ಒಂದು ಬ್ಲೌಸಿನ ಕೂಲಿ ಅದಕ್ಕೇ ಹೋಗುತ್ತಿತ್ತು. ಸಿಟಿ ಬಸ್ಸಿದೆ, ಆದರೆ ಬಟ್ಟೆಯ ಗಂಟು ಹಿಡಿದು ಎರಡು ಬಸ್ ಬದಲಿಸಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. ಮನೆ ಮುಂದೆ ಸ್ಕೂಟರ್ ಹೊದಿಕೆ ಹೊದ್ದು ನಿಂತೇ ಇತ್ತು. ನಾನು ಕಾಲೇಜಿನಲ್ಲಿ. ಆರು ತಿಂಗಳ ಎಲ್‌ಎಲ್‌ಆರ್‌ನಲ್ಲಿ ಹದಿನೈದು ಬೆಳಗು ಕೊಟ್ಟಿದ್ದರೆ ಸಾಕಿತ್ತು ಎಂಬುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಮ್ಮ ಎರಡನೇ ಸಲ ಎಲ್‌ಎಲ್‌ಆರ್ ಮಾಡಿಸಿ ಸ್ಕೂಟರ್ ಹಿಡಿದದ್ದು ಅದೇ ಆಷಾಢದ ಒಂದು ಬುಧವಾರ. ಆಷಾಢದಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದೇನನ್ನೂ ತೊಡಗುವುದಿಲ್ಲ. (ಮೈಸೂರಿನ ತಮಾಷೆಯೆಂದರೆ, ಮನುಷ್ಯರಿಗೆ ಆಗದ ಆ ತಿಂಗಳೇ ಚಾಮುಂಡಿಗೆ ಅತ್ಯಂತ ಪ್ರಿಯ. ಆಷಾಢ ಶುಕ್ರವಾರಗಳಂದು ಬೆಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ದೇವಿಯ ವರ್ಧಂತಿಯೂ ಆಗಲೇ.) ಪಕ್ಕದ ಮನೆಯ ಅಜ್ಜಿ ‘ಶ್ರಾವಣ ಬರಲಿ ತಾಳಮ್ಮ’ ಎಂದರು. ಅಮ್ಮ ತಾಳಲಿಲ್ಲ. ಬೆಳಿಗ್ಗೆ ಆರಕ್ಕೆ ಖಾಲಿ ಸೈಟುಗಳ ನಡುವಿನ ರಸ್ತೆಯಲ್ಲಿ, ಕೆಂಪು ‘ಎಲ್’ ಅಂಟಿಸಿದ ಸ್ಕೂಟರಿನಲ್ಲಿ ಅಮ್ಮ, ಹಿಂದೆ ಲೈಸೆನ್ಸ್ ಇರುವ ನಾನು. ಮೊದಲ ದಿನ ಇಪ್ಪತ್ತು ಅಡಿ ಹೋಗಿ ನಿಲ್ಲಿಸಿದರು. ಎರಡನೇ ದಿನ ಒಂದು ಕರೆಂಟ್ ಕಂಬದಿಂದ ಇನ್ನೊಂದು ಕಂಬದವರೆಗೆ. ಐದನೇ ದಿನ ಬಿದ್ದರು, ಮೊಣಕೈ ತರಚಿತು, ಆರನೇ ದಿನ ಅರಿಶಿನ ಹಚ್ಚಿಕೊಂಡು ಬಂದರು. ಆಗಸ್ಟ್ ಮುಗಿಯುವುದರೊಳಗೆ ಲೈಸೆನ್ಸ್ ಪರೀಕ್ಷೆ ಪಾಸಾದರು.

‘ಕೆಲಸ ಮುಂದೂಡುವವರು ಸೋಮಾರಿಗಳು’ ಎಂದು ಬರೆಯುವವರನ್ನು ನಾನು ಈಗ ಒಪ್ಪುವುದಿಲ್ಲ. ಅಮ್ಮನಷ್ಟು ದುಡಿಯುವವರನ್ನು ನಾನು ನೋಡಿಲ್ಲ. ಅವರ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಅವರಲ್ಲ, ನಾವು. ನನ್ನ ಪರೀಕ್ಷೆ, ಅಪ್ಪನ ಊಟ, ಬೇರೆಯವರ ಮಗಳ ಮದುವೆಯ ಬ್ಲೌಸ್, ಇಷ್ಟೆಲ್ಲ ಆದ ಮೇಲೆ ಉಳಿಯುವ ಸಮಯದಲ್ಲಿ ಅವರ ಗುರಿ. ಹಾಗೆ ಸಮಯ ಉಳಿಯುವುದೇ ಇಲ್ಲ. ಹೊಸ ವರ್ಷದ ಸಂಕಲ್ಪ ಎಂದರೆ ನಮ್ಮ ತೂಕ, ನಮ್ಮ ಮಾರ್ಕ್ಸು ಅಷ್ಟೇ ಎಂದುಕೊಂಡಿರುತ್ತೇವೆ. ನಾವು ಜನವರಿಗೆ ತಳ್ಳಿದ ಕೆಲಸದ ಕೆಳಗೆ ಇನ್ನೊಬ್ಬರ ಕೆಲಸ ಸಿಕ್ಕಿಹಾಕಿಕೊಂಡಿರಬಹುದು ಎಂಬುದು ಹೊಳೆಯುವುದೇ ಇಲ್ಲ.

ಹಾಗಾದರೆ ಒಳ್ಳೆಯ ದಿನ ನೋಡುವುದೇ ತಪ್ಪೇ? ಇದಕ್ಕೆ ಥಟ್ಟನೆ ಹೌದು ಎನ್ನಲು ಆಗುವುದಿಲ್ಲ. ಅಮೆರಿಕದ ಸಂಶೋಧಕರಾದ ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ವರ್ಷ, ಹೊಸ ತಿಂಗಳು, ಹೊಸ ಸೆಮಿಸ್ಟರ್, ಹೊಸ ವಾರ ಶುರುವಾದಾಗ ಜನ ಜಿಮ್ಮಿಗೆ ಹೋಗುವುದು, ಗೂಗಲ್‌ನಲ್ಲಿ ಡಯಟ್ ಬಗ್ಗೆ ಹುಡುಕುವುದು ನಿಜಕ್ಕೂ ಹೆಚ್ಚುತ್ತದೆಯಂತೆ. ಹುಟ್ಟುಹಬ್ಬದ ನಂತರವೂ ಹಾಗೆಯೇ, 21ನೇ ಹುಟ್ಟುಹಬ್ಬವೊಂದನ್ನು ಬಿಟ್ಟು! ಅಲ್ಲಿ ಕುಡಿಯಲು ಕಾನೂನಿನ ಅನುಮತಿ ಸಿಗುವುದು ಆ ವಯಸ್ಸಿಗೆ. ಇಪ್ಪತ್ತರಲ್ಲಿರುವ ನಾನು ಈ ಸಾಲನ್ನು ಎರಡು ಸಲ ಓದಿದೆ. ಅಂತೂ ತಾರೀಖಿಗೆ ಒಂದು ತಳ್ಳುವ ಶಕ್ತಿ ಇದೆ. ಆದರೆ ಅದೇ ಅಧ್ಯಯನದ ಪ್ರಕಾರ ಸೋಮವಾರಕ್ಕೂ ಆ ಶಕ್ತಿ ಇದೆಯಲ್ಲ! ವರ್ಷಕ್ಕೆ ಐವತ್ತೆರಡು ಸೋಮವಾರ ಬರುವಾಗ ಒಂದೇ ಜನವರಿಗೆ ಯಾಕೆ ಜೋತು ಬೀಳಬೇಕು?

ನಮ್ಮ ಊರಿನ ಆರ್.ಕೆ. ನಾರಾಯಣ್ ಕೂಡ ದಿನ ನೋಡಿಯೇ ಶುರು ಮಾಡಿದವರು. ಬೆಂಗಳೂರಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಗ, ಅಜ್ಜಿ ಆರಿಸಿಕೊಟ್ಟ ಶುಭ ದಿನದಂದು ಒಂದು ನೋಟ್‌ಬುಕ್ ಕೊಂಡು ಮೊದಲ ಕಾದಂಬರಿಯ ಮೊದಲ ಸಾಲು ಬರೆದರೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮಾಲ್ಗುಡಿ ಎಂಬ ಊರು ಹುಟ್ಟಿದ್ದು ಹಾಗೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪುಸ್ತಕವಾಗಿ ಬಂದದ್ದು 1935ರಲ್ಲಿ, ಅದಕ್ಕೂ ಮುಂಚೆ ಹಲವು ಪ್ರಕಾಶಕರು ಹಸ್ತಪ್ರತಿಯನ್ನು ವಾಪಸು ಕಳಿಸಿದ್ದರು. ಅಜ್ಜಿ ದಿನ ಆರಿಸಿದರು ನಿಜ, ಆ ದಿನ ನೋಟ್‌ಬುಕ್ ತಂದು ಕೂತವರು ಮೊಮ್ಮಗ. ನನಗೂ ಪ್ರತಿ ವರ್ಷ ಡೈರಿ ಸಿಗುತ್ತಿತ್ತು, ದಿನವೂ ಒಳ್ಳೆಯದೇ ಇರುತ್ತಿತ್ತು.

ಜನವರಿಯ ಸಂಕಲ್ಪಗಳು ಹತ್ತು ದಿನಕ್ಕೆ ಯಾಕೆ ಕೆಟ್ಟು ನಿಲ್ಲುತ್ತವೆ ಎಂಬುದಕ್ಕೆ ಎಲೆಕ್ಟ್ರಿಕಲ್ ವಿದ್ಯಾರ್ಥಿಯಾಗಿ ನನ್ನದೊಂದು ವಿವರಣೆ ಇದೆ. ಪಂಪ್‌ಸೆಟ್ ಇಟ್ಟುಕೊಂಡ ರೈತರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಇಂಡಕ್ಷನ್ ಮೋಟರನ್ನು ನೇರವಾಗಿ ಲೈನಿಗೆ ಕೊಟ್ಟು ಶುರು ಮಾಡಿದರೆ ಅದು ಆ ಕ್ಷಣದಲ್ಲಿ ಎಳೆಯುವ ಕರೆಂಟು ಮಾಮೂಲಿಗಿಂತ ಐದಾರು ಪಟ್ಟು. ಸಣ್ಣ ಮೋಟರ್ ತಡೆದುಕೊಳ್ಳುತ್ತದೆ, ದೊಡ್ಡದಾದರೆ ಊರಿನ ದೀಪವೆಲ್ಲ ಮಂಕಾಗುತ್ತದೆ, ಫ್ಯೂಸ್ ಹಾರುತ್ತದೆ. ಅದಕ್ಕೇ ಸ್ಟಾರ್–ಡೆಲ್ಟಾ ಸ್ಟಾರ್ಟರ್. ಮೊದಲು ಸ್ಟಾರ್‌ನಲ್ಲಿ ತಿರುಗಿಸಿದರೆ ಆರಂಭದ ಕರೆಂಟು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ಬದಲಿಸುವುದು. ಆದರೆ ಒಂದು ಷರತ್ತು: ಸ್ಟಾರ್‌ನಲ್ಲಿ ತಿರುಗುವ ಬಲವೂ ಮೂರನೇ ಒಂದು ಪಾಲೇ, ಆದ್ದರಿಂದ ಆ ಹೊತ್ತಿನಲ್ಲಿ ಪೂರ್ತಿ ಲೋಡ್ ಹೇರುವಂತಿಲ್ಲ. ನನ್ನ 2024ರ ಪಟ್ಟಿಯ ಹನ್ನೊಂದು ಗುರಿಗಳು ನೇರ ಲೈನಿಗೆ ಕೊಟ್ಟ ಪೂರ್ತಿ ಲೋಡು. ಅಮ್ಮನ ಇಪ್ಪತ್ತು ಅಡಿ, ಸ್ಟಾರ್.

ಮೈಸೂರಿನ ಹೆಸರಿನಲ್ಲೇ ಜಗತ್ತಿಗೆ ಗೊತ್ತಿರುವ ಒಂದು ಪದ್ಧತಿಯೂ ಹೀಗೇ ಇದೆ. ಅಷ್ಟಾಂಗ ಯೋಗ ಕಲಿಯಲು ವಿದೇಶದವರು ಗೋಕುಲಂಗೆ ಬರುವುದನ್ನು ನೋಡಿರುತ್ತೀರಿ. ಅವರು ‘ಮೈಸೂರು ಸ್ಟೈಲ್’ ಎನ್ನುವ ತರಗತಿಯಲ್ಲಿ ಗುರು ಮುಂದೆ ನಿಂತು ಎಲ್ಲರಿಗೂ ಒಂದೇ ಪಾಠ ಹೇಳುವುದಿಲ್ಲ. ಒಂದೇ ಕೋಣೆಯಲ್ಲಿ ಒಬ್ಬರು ಸೂರ್ಯ ನಮಸ್ಕಾರದಲ್ಲಿರುತ್ತಾರೆ, ಪಕ್ಕದವರು ಹತ್ತು ವರ್ಷದಿಂದ ಅಭ್ಯಾಸ ಮಾಡಿದ ಆಸನದಲ್ಲಿರುತ್ತಾರೆ. ಒಂದು ಆಸನ ಮೈಗೆ ಹತ್ತಿದ ಮೇಲಷ್ಟೇ ಮುಂದಿನದು. ಇಡೀ ಬ್ಯಾಚ್ ಒಟ್ಟಿಗೆ ಶುರು ಮಾಡಬೇಕೆಂಬ ಹಟವಿಲ್ಲದ ಕಾರಣ ‘ನನ್ನ ಬ್ಯಾಚು ತಪ್ಪಿಹೋಯಿತು’ ಎಂಬ ನೆಪಕ್ಕೂ ಜಾಗವಿಲ್ಲ. ಜನವರಿ ಮೊದಲ ವಾರ ಕುಕ್ಕರಹಳ್ಳಿ ಕೆರೆಯ ದಂಡೆಗೆ ಹೋಗಿ ನೋಡಿ, ಹೊಸ ಶೂಗಳ ಜಾತ್ರೆ. ಎಳ್ಳು ಬೆಲ್ಲ ಹಂಚುವ ಹೊತ್ತಿಗೆ ಹಳೆಯ ವಾಕಿಂಗ್‌ನವರೂ ಕೊಕ್ಕರೆಗಳೂ ಮಾತ್ರ ಉಳಿದಿರುತ್ತಾರೆ. ಒಟ್ಟಿಗೆ ಬಂದವರು ಒಟ್ಟಿಗೇ ಹೋಗುತ್ತಾರೆ.

ಇನ್ನೊಂದು ಲೆಕ್ಕ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ ಕಂಡುಕೊಂಡ ಪ್ರಕಾರ, ಒಂದು ಕೆಲಸ ತಾನಾಗಿಯೇ ನಡೆಯುವ ಅಭ್ಯಾಸವಾಗಲು ಹಿಡಿಯುವ ಸಮಯ ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನವೂ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂಬುದೂ ಅವರಿಗೆ ಕಂಡಿತು. ಡೈರಿಯಲ್ಲಿ ಒಂದು ಪುಟ ಖಾಲಿ ಬಿಟ್ಟ ಮಾತ್ರಕ್ಕೆ ‘ಈ ವರ್ಷ ಕೆಟ್ಟಿತು’ ಎಂದು ಮುಚ್ಚಿಟ್ಟವನಿಗೆ ಇದು ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ಇವತ್ತು, ನವೆಂಬರ್ 12ರಂದು ಶುರು ಮಾಡಿದವರಿಗೆ ಡಿಸೆಂಬರ್ 31ರ ರಾತ್ರಿ ಹೊತ್ತಿಗೆ ಐವತ್ತು ದಿನ ಆಗಿರುತ್ತದೆ. ಬೇರೆಯವರು ಪಟ್ಟಿ ಬರೆಯುವಾಗ ಅವರು ಬಿದ್ದು, ಎದ್ದು, ಬೇಸರ ಪಟ್ಟು, ಕಷ್ಟದ ಭಾಗ ದಾಟಿರುತ್ತಾರೆ.

ಅಮ್ಮ ಲೈಸೆನ್ಸ್ ತಂದು ತೋರಿಸಿದ ದಿನ ನನ್ನನ್ನು ಕೇಳಿದರು, ‘ನಿನ್ನ ಗೇಟ್ ಏನಾಯ್ತೋ?’ ನಾನು ಪರೀಕ್ಷೆ ಬರೆಯುವುದು ಏಳನೇ ಸೆಮಿಸ್ಟರಿನಲ್ಲಿ, ಇನ್ನೂ ಟೈಮಿದೆ ಎಂದೆ. ಅಮ್ಮ ಏನೂ ಹೇಳದೆ ಹೊಲಿಗೆ ಯಂತ್ರದ ಡ್ರಾಯರಿನಿಂದ ಹಳೆಯ ಎಲ್‌ಎಲ್‌ಆರ್ ತೆಗೆದು ಟೇಬಲ್ಲಿನ ಮೇಲಿಟ್ಟು ಅಡುಗೆಮನೆಗೆ ಹೋದರು.

ಸೆಪ್ಟೆಂಬರಿನ ಒಂದು ಮಂಗಳವಾರ ರಾತ್ರಿ 2023ರ ಡೈರಿ ಹೊರತೆಗೆದೆ. ಜನವರಿ 12ರಿಂದ ಮುಂದಕ್ಕೆಲ್ಲ ಖಾಲಿ ಹಾಳೆ, ದಪ್ಪ ಕಾಗದ, ಎಸೆಯಲು ಮನಸ್ಸು ಬರುವಂಥದ್ದಲ್ಲ. ದಿನಕ್ಕೆ ಒಂದೇ ಒಂದು ಹಳೆಯ ಗೇಟ್ ಪ್ರಶ್ನೆ, ಒಂದು ಪುಟ. ಹನ್ನೊಂದಲ್ಲ, ಒಂದು. ದಸರಾದಲ್ಲಿ ಆರು ದಿನ ತಪ್ಪಿತು, ಏಳನೇ ದಿನ ಮತ್ತೆ ಕೂತೆ. ಯಾರಿಗೂ ಹೇಳಿರಲಿಲ್ಲ, ಈಗ ಪತ್ರಿಕೆಯಲ್ಲಿ ಹೇಳಿದಂತಾಯಿತು. ನಿನ್ನೆಯ ಪ್ರಶ್ನೆ ನೆಟ್‌ವರ್ಕ್ ಥಿಯರಿಯದ್ದು, ಉತ್ತರ ತಪ್ಪಾಗಿತ್ತು, ಬೆಳಿಗ್ಗೆ ಕೆಂಪು ಪೆನ್ನಿನಲ್ಲಿ ತಿದ್ದಿದೆ. ಇವತ್ತಿನ ಪುಟದ ತಲೆಯ ಮೇಲೆ ‘ಮಾರ್ಚ್ 4, ಶನಿವಾರ’ ಎಂದು ಅಚ್ಚಾಗಿದೆ. ಹೊರಗೆ ನವೆಂಬರಿನ ಬುಧವಾರ, ಅಮ್ಮ ಬಟ್ಟೆಯ ಗಂಟನ್ನು ಮುಂದೆ ಇಟ್ಟುಕೊಂಡು ಸ್ಕೂಟರಿನ ಹಾರ್ನ್ ಹೊಡೆಯುತ್ತಿದ್ದಾರೆ, ಗೇಟ್ ತೆಗೆಯಬೇಕಂತೆ. ಮನೆಯ ಗೇಟ್.